ಸಾಕಿದ ಹಾವು ಮೊಟ್ಟೆ ಕಟ್ಟಿದೆಯೇ? ತಾರೀಖು ಬರೆದಿಟ್ಟು ಗುರುತಿಸುವ ಕ್ರಮ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಬಾಲ್ ಪೈಥಾನ್ ಎಂಬ ಹೊರದೇಶದ ಹೆಬ್ಬಾವನ್ನು ಸಾಕಿದವರು ಸಂಕ್ರಾಂತಿಯ ಆಸುಪಾಸಿನಲ್ಲಿ ನನಗೆ ಕಳಿಸುವ ಫೋಟೊಗಳೆಲ್ಲ ಒಂದೇ ಬಗೆಯವು: ಸುತ್ತಿಕೊಂಡು ಮಲಗಿದ ಹಾವು, ನಡುಭಾಗ ತುಸು ದಪ್ಪ, ಕೆಳಗೆ ಒಂದು ಸಾಲು, "ಊಟ ಬಿಟ್ಟು ಐದು ವಾರವಾಯಿತು, ಗಬ್ಬವಾಗಿದೆಯೇ ಹೇಳಿ." ಫೋಟೊ ನೋಡಿ ಇದನ್ನು ಹೇಳಲು ಬರುವುದಿಲ್ಲ. ಊಟ ಬಿಡುವುದಕ್ಕೂ ಹೊಟ್ಟೆ ದಪ್ಪಗಾಗುವುದಕ್ಕೂ ಹತ್ತು ಕಾರಣಗಳಿರುತ್ತವೆ. ಯಾವ ಲಕ್ಷಣ ಯಾವ ತಾರೀಖಿಗೆ ಕಾಣಿಸಿತು, ಅದರ ಹಿಂದೆ ಏನಿತ್ತು, ಮುಂದೆ ಏನು ಬಂತು ಎಂಬುದು ಗೊತ್ತಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಆದ್ದರಿಂದ ಈ ಬರಹದುದ್ದಕ್ಕೂ ನಾನು ಹೊಟ್ಟೆ ಒತ್ತಿ ನೋಡುವುದಕ್ಕಿಂತ ತಾರೀಖು ಬರೆದಿಡುವುದಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ನಮ್ಮ ಕಡೆ ಹೆಚ್ಚಾಗಿ ಸಾಕುವುದು ಬಾಲ್ ಪೈಥಾನ್ ಆದ್ದರಿಂದ ಲೆಕ್ಕಗಳೆಲ್ಲ ಅದರವು. ಕಾರ್ನ್ ಸ್ನೇಕ್ ಎಂಬ ಅಮೆರಿಕ ಮೂಲದ ಹಾವು ಎಲ್ಲಿ ಬೇರೆಯಾಗುತ್ತದೆಯೋ ಅಲ್ಲಿ ಹೇಳಿದ್ದೇನೆ.

ಆರಂಭಿಸುವ ಮೊದಲು ಕಾನೂನಿನ ಮಾತು

ಹೆಬ್ಬಾವು, ಕೇರೆ, ನಾಗರ, ಮಣ್ಣುಮುಕ್ಕ ಮೊದಲಾದ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಾವಿಯಿಂದ ಎತ್ತಿ ತಂದ ಹಾವು ಮೊಟ್ಟೆ ಇಡುವವರೆಗೆ ಮನೆಯಲ್ಲೇ ಇರಲಿ ಎಂಬ ಒಳ್ಳೆಯ ಮನಸ್ಸಿಗೂ ಅದರಲ್ಲಿ ವಿನಾಯಿತಿ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್ ಆಫ್ರಿಕಾ ಮೂಲದ್ದು. ಅದು ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೇ ಅನುಬಂಧದಲ್ಲಿ ಇರುವುದರಿಂದ, ಕಾಯ್ದೆಯ 2022ರ ತಿದ್ದುಪಡಿ ಮತ್ತು ಅದರಡಿ ಬಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಬೇಕು. ಮರಿಗಳಾದರೆ ಅವುಗಳ ವಿವರವನ್ನೂ ಕೊಡಬೇಕು. ನೋಂದಣಿಯಾಗಿಲ್ಲದಿದ್ದರೆ ಮೊಟ್ಟೆಯ ಚಿಂತೆಗಿಂತ ಮೊದಲು ಅದನ್ನು ಮುಗಿಸಿಕೊಳ್ಳಿ.

ಬೇಕಾಗುವ ವಸ್ತುಗಳು

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ, ಐದು ಕಿಲೋವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ತಂತಿಯ ತುದಿಯಲ್ಲಿ ಸಂವೇದಕವಿರುವ ಎರಡು ಡಿಜಿಟಲ್ ಥರ್ಮಾಮೀಟರ್, ತೇವಾಂಶಮಾಪಕ, ಹೀಟ್ ಮ್ಯಾಟ್ ಇದ್ದರೆ ಅದಕ್ಕೆ ತಪ್ಪದೆ ಥರ್ಮೋಸ್ಟಾಟ್, ತೆಂಗಿನ ನಾರಿನ ಪುಡಿ, ಒಂದು ನೋಟ್‌ಬುಕ್. ಹಾವನ್ನು ತೂಗಿದ ಡಬ್ಬಿಯೂ ತಕ್ಕಡಿಯೂ ಮತ್ತೆ ಅಡುಗೆಮನೆಗೆ ಹೋಗಬಾರದು. ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ನೋಟ್‌ಬುಕ್ಕಿನಲ್ಲಿ ಐದು ಕಾಲಂ ಸಾಕು: ತಾರೀಖು, ತೂಕ, ಊಟ, ಮಲ, ಪೊರೆ. ಆರನೆಯದನ್ನು "ಕಂಡದ್ದು" ಎಂದು ಖಾಲಿ ಬಿಡಿ. ಕೊನೆಯಲ್ಲಿ ನಿಮ್ಮ ನೆರವಿಗೆ ಬರುವುದು ಆ ಕಾಲಂ.

ಹಂತ 1: ಹೆಣ್ಣು ಹೌದೇ ಎಂದು ಖಚಿತಪಡಿಸಿಕೊಳ್ಳಿ

ಇದು ಹಾಸ್ಯವಲ್ಲ. ಮಾರಿದವರ ಮಾತು ನಂಬಿ ಗಂಡು ಹಾವಿಗೆ ಗೂಡಿನ ಪೆಟ್ಟಿಗೆ ಕಟ್ಟಿಕೊಟ್ಟವರನ್ನು ಕಂಡಿದ್ದೇನೆ. ಮಲದ್ವಾರದ ಎರಡೂ ಪಕ್ಕದಲ್ಲಿರುವ ಚಿಕ್ಕ ಉಗುರಿನಂಥ ಮುಳ್ಳು ಗಂಡಿನಲ್ಲಿ ದೊಡ್ಡದೆಂಬ ಮಾತಿದೆ, ಆದರೆ ಅದನ್ನು ನಂಬಲಾಗದು. ಭರವಸೆಯ ವಿಧಾನವೆಂದರೆ ನಯವಾದ ಲೋಹದ ಕಡ್ಡಿಯನ್ನು ಮಲದ್ವಾರದಿಂದ ಬಾಲದ ಕಡೆಗೆ ಮೆಲ್ಲಗೆ ಇಳಿಸಿ ಆಳ ಅಳೆಯುವುದು; ಹೆಣ್ಣಿನಲ್ಲಿ ಅದು ಎರಡರಿಂದ ನಾಲ್ಕು ಹುರುಪೆಗಳಷ್ಟು ಮಾತ್ರ ಇಳಿಯುತ್ತದೆ, ಗಂಡಿನಲ್ಲಿ ಎಂಟು ಅಥವಾ ಅದಕ್ಕೂ ಹೆಚ್ಚು. ಇದನ್ನು ಪಳಗಿದ ಕೈಯವರು ಮಾಡಬೇಕು, ವಿಡಿಯೊ ನೋಡಿ ನೀವು ಮಾಡಬೇಡಿ.

ಹೆಣ್ಣೆಂದು ಗೊತ್ತಾದ ಮೇಲೆ ವಯಸ್ಸು ಮತ್ತು ತೂಕ ನೋಡಿ. ಮೂರು ವರ್ಷ ತುಂಬಿ ಒಂದೂವರೆ ಕಿಲೋ ದಾಟಿದ ಬಾಲ್ ಪೈಥಾನಿನಲ್ಲಿ ಮೊಟ್ಟೆಯ ಸಾಧ್ಯತೆ ನಿಜವಾದದ್ದು. 700 ಗ್ರಾಂನ ಹಾವಿನ ಹೊಟ್ಟೆ ದಪ್ಪಗಿದ್ದರೆ ಬೇರೆ ಕಾರಣ ಹುಡುಕಿ. "ಗಂಡಿನ ಜೊತೆ ಬಿಟ್ಟೇ ಇಲ್ಲ, ಆದ್ದರಿಂದ ಮೊಟ್ಟೆ ಇರಲಾರದು" ಎನ್ನುವುದು ಮಾತ್ರ ತಪ್ಪು ಲೆಕ್ಕ. ಹೆಣ್ಣು ಹಾವು ಹಿಂದೆಂದೋ ಕೂಡಿದಾಗ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಳ್ಳಬಲ್ಲದು. ಗಂಡಿಲ್ಲದೆಯೂ ಫಲಿಸದ ಮೊಟ್ಟೆಗಳನ್ನು ಇಡುವುದುಂಟು, ಮತ್ತು ಬಹಳ ಅಪರೂಪಕ್ಕೆ ಅನಿಷೇಕ ಜನನದಿಂದ, ಅಂದರೆ ತಂದೆಯಿಲ್ಲದೆ ತಾಯಿಯ ಅಂಡದಿಂದಲೇ, ಮರಿ ಬಂದದ್ದೂ ಈ ಜಾತಿಯಲ್ಲಿ ದಾಖಲಾಗಿದೆ.

ಬೋವಾ ಸಾಕಿದವರು ಇಲ್ಲಿಗೇ ನಿಲ್ಲಬಹುದು. ಕೆಂಪುಬಾಲದ ಬೋವಾ, ಕೀನ್ಯಾದ ಸ್ಯಾಂಡ್ ಬೋವಾ ಇವೆಲ್ಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ನಮ್ಮ ಹೊಲಗಳ ಮಣ್ಣುಮುಕ್ಕವೂ ಹಾಗೆಯೇ. "ಎರಡು ತಲೆ ಹಾವಿನ ಮೊಟ್ಟೆ" ಎಂದು ಯಾರಾದರೂ ನಿಮಗೆ ಮಾರಲು ಬಂದರೆ, ಅದು ಅಪರಾಧದ ಜೊತೆಗೆ ಹಸಿ ಸುಳ್ಳು ಕೂಡ.

ಹಂತ 2: ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗಿಡಿ

ಇಲ್ಲಿ ಆತುರಪಡಬೇಡಿ; ತಪ್ಪುಗಳಲ್ಲಿ ಬಹುಪಾಲು ಆಗುವುದು ಇಲ್ಲಿಯೇ.

ಊಟದ ಉಬ್ಬು ಹೊಟ್ಟೆಯ ನಡುವೆ ಒಂದೇ ಗಂಟಾಗಿರುತ್ತದೆ, ಬಿಸಿ ಸರಿಯಾಗಿದ್ದರೆ ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ಊಟವಾಗಿ ಒಂದು ವಾರ ತುಂಬುವ ಮೊದಲು ಏನನ್ನೂ ತೀರ್ಮಾನಿಸಬೇಡಿ. ಕೊಬ್ಬು ಬಂದ ಹಾವು ಕುತ್ತಿಗೆಯಿಂದ ಬಾಲದ ಬುಡದವರೆಗೆ ಒಂದೇ ಸಮನಾಗಿ ದಪ್ಪಗಿರುತ್ತದೆ, ಬಳುಕಿದಾಗ ಪಕ್ಕೆಯಲ್ಲಿ ಮಡಿಕೆ ಬೀಳುತ್ತದೆ, ಬಾಲದ ಬುಡವೂ ತುಂಬಿಕೊಂಡಿರುತ್ತದೆ. ಮೊಟ್ಟೆ ಕಟ್ಟಿದ ಹಾವಿನಲ್ಲಿ ಮೈಯ ಹಿಂದಿನ ಮೂರನೇ ಒಂದು ಭಾಗ ದಪ್ಪಗಾಗಿ, ಮಲದ್ವಾರ ದಾಟಿದೊಡನೆ ಬಾಲ ತಟ್ಟನೆ ಸಣ್ಣದಾಗುತ್ತದೆ. ಮಲಬದ್ಧತೆಯ ಗಂಟು ಮಲದ್ವಾರಕ್ಕೆ ಹತ್ತಿರ, ಒಂದೇ ಮತ್ತು ಗಟ್ಟಿ. ನಿಮ್ಮ ನೋಟ್‌ಬುಕ್ಕಿನ ನಾಲ್ಕನೇ ಕಾಲಂ ಎರಡು ತಿಂಗಳಿನಿಂದ ಖಾಲಿಯಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಒಂದೇ ಪಕ್ಕದ ಉಬ್ಬು, ಬಣ್ಣ ಬದಲಾದ ಉಬ್ಬು, ಊಟವನ್ನು ಮತ್ತೆ ಮತ್ತೆ ಕಕ್ಕುವ ಹಾವಿನ ನಡುಹೊಟ್ಟೆಯ ಉಬ್ಬು, ಇವು ಕೀವುಗಂಟು, ಗೆಡ್ಡೆ ಅಥವಾ ಜಠರದ ಸೋಂಕು ಇರಬಹುದಾದ್ದರಿಂದ ಕಾದು ನೋಡುವ ವಿಷಯಗಳಲ್ಲ. ನೇರವಾಗಿ ವೈದ್ಯರ ಬಳಿ ಹೋಗಿ.

ಇನ್ನು ಉಪವಾಸ. ಚಳಿಗಾಲದಲ್ಲಿ ಬಾಲ್ ಪೈಥಾನ್ ಗಂಡಾಗಲಿ ಹೆಣ್ಣಾಗಲಿ ವಾರಗಟ್ಟಲೆ ಊಟ ಬಿಡುವುದು ಸಹಜ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೋಣೆ ತಣ್ಣಗಾಗಿ, ಗೂಡಿನ ಬಿಸಿ ಮೂಲೆಯೂ 27 ಡಿಗ್ರಿಗೆ ಇಳಿದಿದ್ದರೆ ಊಟ ಬಿಡುವುದಕ್ಕೆ ಅಷ್ಟೇ ಕಾರಣ ಸಾಕು. ಥರ್ಮಾಮೀಟರನ್ನು ಬೆಳಗಿನ ಜಾವ ಐದಕ್ಕೆ ಒಮ್ಮೆ ನೋಡಿ, ಮಧ್ಯಾಹ್ನ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಉಪವಾಸದಲ್ಲಿ ತೂಕ ಮೆಲ್ಲಗೆ ಇಳಿಯುತ್ತಿದ್ದು, ಮೈಯ ಹಿಂಭಾಗ ಮಾತ್ರ ತುಂಬಿಕೊಳ್ಳುತ್ತಾ ಬಂದರೆ ಆಗ ಮೊಟ್ಟೆಯ ಅನುಮಾನಕ್ಕೆ ಬಲ ಬರುತ್ತದೆ.

ಹಂತ 3: ಅಂಡ ಬಲಿಯುವ ತಿಂಗಳುಗಳಲ್ಲಿ ನಡವಳಿಕೆ ಗಮನಿಸಿ

ಅಂಡಾಶಯದಲ್ಲಿ ಅಂಡವನ್ನು ಹೊತ್ತಿರುವ ಗುಳ್ಳೆಗೆ ಫಾಲಿಕಲ್ ಎನ್ನುತ್ತಾರೆ. ಮೊದಲು ಅದು ಶೇಂಗಾ ಬೀಜಕ್ಕಿಂತ ಚಿಕ್ಕದು. ಬಲಿಯಲು ಆರಂಭಿಸಿದ ಮೇಲೆ ಗೋಲಿಯ ಗಾತ್ರಕ್ಕೆ, ಅಲ್ಲಿಂದ ಸುಲಿದ ಅಡಿಕೆಯ ಗಾತ್ರಕ್ಕೆ, ಕೊನೆಗೆ ಸುಮಾರು 40 ಮಿಲಿಮೀಟರ್, ಅಂದರೆ ಒಳ್ಳೆಯ ನಿಂಬೆಹಣ್ಣಿನಷ್ಟು ಬೆಳೆಯುತ್ತದೆ. ಇಷ್ಟಾದರೂ ಇದು ಇನ್ನೂ ಮೊಟ್ಟೆಯಲ್ಲ. ಇಲ್ಲಿಂದ ಹಿಂದಕ್ಕೆ ಕರಗಿಹೋಗುವುದೂ ಉಂಟು. ಈ ಹಂತದಲ್ಲಿ "ಗಬ್ಬವಾಗಿದೆ" ಎಂದು ಊರಿಗೆಲ್ಲ ಹೇಳಿ ಆಮೇಲೆ ಪೆಚ್ಚಾದವರು ಬಹಳ.

ಈ ತಿಂಗಳುಗಳಲ್ಲಿ ಹಾವು ಮೊದಲು ಹಸಿದು ಹಸಿದು ತಿನ್ನುತ್ತದೆ, ನಂತರ ಒಮ್ಮೆಗೇ ಊಟ ಬಿಡುತ್ತದೆ. ಮೈಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಬಿಸಿ ಮೂಲೆ ಬಿಟ್ಟು ತಂಪು ಮೂಲೆಗೆ ಹೋಗುತ್ತದೆ, ನೀರಿನ ಬಟ್ಟಲನ್ನು ಸುತ್ತಿಕೊಂಡು ಮಲಗುತ್ತದೆ. ನನ್ನ ಹಾವು ಇದನ್ನು ಮೊದಲ ಸಲ ಮಾಡಿದಾಗ ನಾನು ಗಾಬರಿಯಾಗಿದ್ದೆ: ರಾತ್ರಿ ಟಾರ್ಚ್ ಬಿಟ್ಟರೆ ಸ್ಟೀಲ್ ಬಟ್ಟಲಿನ ಸುತ್ತ ಮೈ ಬಿಗಿದು, ಹಿಂದಿನ ಅರ್ಧ ಮಾತ್ರ ಮಗುಚಿಕೊಂಡು, ಬಿಳಿ ಹೊಟ್ಟೆ ಮೇಲಾಗಿ ಬಿದ್ದಿತ್ತು, ತಲೆಯ ಭಾಗ ಮಾತ್ರ ನೆಟ್ಟಗೇ ಇತ್ತು. ಸತ್ತಿತೆಂದುಕೊಂಡು ಮುಟ್ಟಿದರೆ ನಾಲಿಗೆ ಚಾಚಿತು. ಹೀಗೆ ಹೊಟ್ಟೆ ಮೇಲೆ ಮಾಡಿ ಮಲಗುವುದು ಅಂಡ ಬಲಿಯುತ್ತಿರುವ ಹೆಣ್ಣಿನ ಹಳೆಯ ಅಭ್ಯಾಸ. ಆದರೆ ಗೂಡು ಅತಿಯಾಗಿ ಕಾದಾಗಲೂ ಹಾವು ತಂಪು ಹುಡುಕಿ ಬಟ್ಟಲಿನ ಬಳಿ ಬರುತ್ತದೆ, ಉಣ್ಣಿ ಹತ್ತಿದಾಗ ನೀರಿಗೇ ಇಳಿಯುತ್ತದೆ. ತಾಪಮಾನ ಬರೆದಿಟ್ಟಿದ್ದರೆ ವ್ಯತ್ಯಾಸ ತಿಳಿಯುತ್ತದೆ.

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಗಿ. ಊಟ ಬೇಡವೆಂದರೆ ಬಾಯಿ ತೆರೆದು ತುರುಕಬೇಡಿ. ಇಲಿಯನ್ನು ಮೂಳೆಸಹಿತ ನುಂಗುವ ಹಾವಿಗೆ ಸುಣ್ಣದ ಅಂಶ ಅದರಲ್ಲೇ ಸಿಗುವುದರಿಂದ ಮನುಷ್ಯರ ಕ್ಯಾಲ್ಸಿಯಂ ಮಾತ್ರೆಯನ್ನು ಪುಡಿಮಾಡಿ ಕೊಡುವ ಅಗತ್ಯವಿಲ್ಲ. ಮೊಟ್ಟೆಯ ಸುದ್ದಿ ತಿಳಿದು ಪಕ್ಕದ ಮನೆಯ ಅಜ್ಜಿ ಹಾಲಿನ ಬಟ್ಟಲು ತಂದರೆ ಅದನ್ನು ನೀವೇ ಕಾಫಿಗೆ ಹಾಕಿಕೊಳ್ಳಿ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ.

ಹಂತ 4: ಮುಟ್ಟಿ ನೋಡುವುದಾದರೆ

ಮಾಡದಿದ್ದರೂ ನಡೆಯುತ್ತದೆ, ಮಾಡುವುದಾದರೆ ತಿಂಗಳಿಗೊಮ್ಮೆ ಸಾಕು. ಊಟವಾಗಿ ಏಳು ದಿನ ಕಳೆದಿರಲಿ. ಹಾವನ್ನು ಎರಡೂ ಅಂಗೈಗಳ ಮೇಲೆ ಹರಿಯಲು ಬಿಟ್ಟು, ಮೈಯ ಹಿಂದಿನ ಅರ್ಧ ಹಾದುಹೋಗುವಾಗ ಬೆರಳ ತುದಿಗಳನ್ನು ಹೊಟ್ಟೆಯ ಅಡಿ ಸುಮ್ಮನೆ ಆನಿಸಿ ಹಿಡಿಯಿರಿ. ಬೆರಳು ಚಲಿಸಬಾರದು, ಹಾವು ಚಲಿಸಬೇಕು. ಬಲಿತ ಫಾಲಿಕಲ್‌ಗಳಿದ್ದರೆ ಮಣಿಸರದ ಮೇಲೆ ಬೆರಳಾಡಿಸಿದಂತೆ ಒಂದಾದ ಮೇಲೊಂದು ಗುಂಡು ತಾಗಿ ಜಾರುತ್ತದೆ. ಒಂದೇ ಗುಂಡು ತಾಗಿದರೆ ಅದು ಮಲವಿರಬಹುದು.

ಹೊಟ್ಟೆಯನ್ನು ಹಿಂಡಬೇಡಿ, ಗುಂಡುಗಳನ್ನು ಎಣಿಸಲು ಹೋಗಬೇಡಿ, ಐದನೇ ಹಂತದ ಉಬ್ಬು ಕಂಡ ಮೇಲಂತೂ ಮುಟ್ಟಲೇಬೇಡಿ. ಫಾಲಿಕಲ್ ಒಡೆದು ಅದರ ಹಳದಿ ಹೊಟ್ಟೆಯೊಳಗೆ ಸುರಿದರೆ ಉಂಟಾಗುವ ಉರಿಯೂತ ಹಾವಿನ ಪ್ರಾಣ ತೆಗೆಯಬಲ್ಲದು.

ಹಂತ 5: ಆ ಒಂದು ದಿನವನ್ನು ತಪ್ಪಿಸಿಕೊಳ್ಳಬೇಡಿ

ಬಲಿತ ಅಂಡಗಳೆಲ್ಲ ಅಂಡಾಶಯ ಬಿಟ್ಟು ಅಂಡನಾಳಕ್ಕೆ ಇಳಿಯುವುದನ್ನು ಅಂಡೋತ್ಸರ್ಗ ಎನ್ನುತ್ತಾರೆ. ಹೊರಗಿನಿಂದ ಕಣ್ಣಿಗೆ ಕಾಣುವ ಅತ್ಯಂತ ಖಚಿತವಾದ ಗುರುತು ಇದು: ಊಟವನ್ನೇ ಮಾಡದ ಹಾವು ತನಗೆ ಮೀರಿದ ಹೆಗ್ಗಣವೊಂದನ್ನು ನುಂಗಿದಂತೆ ಮೈಯ ಮಧ್ಯಭಾಗ ಉಬ್ಬಿಕೊಳ್ಳುತ್ತದೆ, ಹಿಂದಿನ ಭಾಗ ಬಿಗಿಯಾಗುತ್ತದೆ, ಹಾವು ಹೊರಳಾಡಿ ಹೊರಳಾಡಿ ಮಲಗುತ್ತದೆ. ಉಬ್ಬು ಇರುವುದು ಹೆಚ್ಚೆಂದರೆ ಒಂದು ದಿನ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಮರುದಿನ ಸಂಜೆ ಗೂಡು ನೋಡುವವರಿಗೆ ಅದು ಕಾಣದೇ ಹೋಗಬಹುದು. ಆದ್ದರಿಂದ ಮೂರನೇ ಹಂತದ ಲಕ್ಷಣಗಳು ಕಂಡ ಮೇಲೆ ಬೆಳಿಗ್ಗೆ ಮತ್ತು ರಾತ್ರಿ ಎರಡು ಬಾರಿ, ಮೇಲಿನಿಂದ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಡಿ. ಆ ದಿನ ತಪ್ಪಿಹೋಗಿದ್ದರೂ ಫೋಟೊಗಳನ್ನು ಸಾಲಾಗಿ ನೋಡಿದಾಗ ಅಂದಾಜು ಸಿಗುತ್ತದೆ.

ಕಾರ್ನ್ ಸ್ನೇಕ್‌ನಲ್ಲಿ ಈ ಉಬ್ಬು ಇಷ್ಟು ಸ್ಪಷ್ಟವಿರುವುದಿಲ್ಲ. ಅದರಲ್ಲಿ ಕೂಡಿದ ತಾರೀಖೇ ಆಧಾರ; ಅಲ್ಲಿಂದ ಸುಮಾರು 30ರಿಂದ 45 ದಿನಕ್ಕೆ ಮೊಟ್ಟೆ ಬರುತ್ತದೆ, ತೆಳ್ಳನೆಯ ಮೈಯಾದ್ದರಿಂದ ಕೊನೆಯ ವಾರಗಳಲ್ಲಿ ಮೊಟ್ಟೆಗಳ ಆಕಾರ ಪಕ್ಕೆಯಲ್ಲಿ ಸಾಲಾಗಿ ಎದ್ದು ಕಾಣುತ್ತದೆ.

ಹಂತ 6: ಪೊರೆ ಬಿಟ್ಟ ದಿನದಿಂದ ಎಣಿಸಿ

ಅಂಡೋತ್ಸರ್ಗವಾಗಿ ಎರಡರಿಂದ ಮೂರು ವಾರಕ್ಕೆ ಬಾಲ್ ಪೈಥಾನ್ ಒಮ್ಮೆ ಪೊರೆ ಬಿಡುತ್ತದೆ. ಸಾಕಣೆದಾರರು ಇದನ್ನು ಮೊಟ್ಟೆಗೆ ಮುಂಚಿನ ಪೊರೆ ಎನ್ನುತ್ತಾರೆ. ಇಲ್ಲಿಂದ ಸುಮಾರು 30 ದಿನಕ್ಕೆ, ಕೆಲವು ದಿನ ಹಿಂದೆಮುಂದೆ, ಮೊಟ್ಟೆ ಬರುತ್ತದೆ. ಕಾರ್ನ್ ಸ್ನೇಕ್‌ನಲ್ಲಿ ಈ ಅಂತರ ತೀರಾ ಕಡಿಮೆ, ಎಂಟರಿಂದ ಹದಿನಾಲ್ಕು ದಿನ. ಕಣ್ಣು ಹಾಲುಬಣ್ಣಕ್ಕೆ ತಿರುಗಿದ ದಿನವನ್ನಲ್ಲ, ಪೊರೆ ಪೂರ್ತಿ ಕಳಚಿ ಬಿದ್ದ ದಿನವನ್ನೇ ಮೊದಲ ದಿನವೆಂದು ಹಿಡಿಯಿರಿ.

ನನ್ನ ನೋಟ್‌ಬುಕ್ಕಿನ ಒಂದು ಪುಟವನ್ನು ಉದಾಹರಣೆಗೆ ಕೊಡುತ್ತೇನೆ. ಫೆಬ್ರವರಿ 2, ಬೆಳಿಗ್ಗೆ ನಡುಮೈಯಲ್ಲಿ ದೊಡ್ಡ ಉಬ್ಬು, ಮರುದಿನ ಮಧ್ಯಾಹ್ನಕ್ಕೆ ಇಲ್ಲ. ಫೆಬ್ರವರಿ 20, ಪೊರೆ ಒಂದೇ ತುಂಡಾಗಿ ಬಿತ್ತು. ಮಾರ್ಚ್ 19, ತೂಕ 1,840 ಗ್ರಾಂ. ಮಾರ್ಚ್ 22, ಬೆಳಗಿನ ಜಾವ ಆರು ಮೊಟ್ಟೆ. ಮಾರ್ಚ್ 24, ತೂಕ 1,290 ಗ್ರಾಂ. ಈ ಐದು ಸಾಲುಗಳಲ್ಲಿ ಯಾವೊಂದನ್ನೂ ಬೇರೆಯಾಗಿ ಓದಿದರೆ ಹೆಚ್ಚೇನೂ ಹೇಳುವುದಿಲ್ಲ. ಪೊರೆಯನ್ನಂತೂ ಹಾವು ವರ್ಷದಲ್ಲಿ ಹಲವು ಸಲ ಬಿಡುತ್ತದೆ. ಉಬ್ಬಿನ ತಾರೀಖು ಅದರ ಹಿಂದೆ ಇರುವುದರಿಂದ ಮಾತ್ರ ಫೆಬ್ರವರಿ 20ಕ್ಕೆ ಅರ್ಥ ಬಂತು.

ಈ ಅವಧಿಯಲ್ಲಿ ಹಾವು ಮತ್ತೆ ಬಿಸಿ ಮೂಲೆಗೆ ಅಂಟಿಕೊಳ್ಳುತ್ತದೆ. ಬೆನ್ನುಮೂಳೆಯ ಗೆರೆ ಎದ್ದು ಕಾಣುತ್ತದೆ, ಹಿಂದಿನ ಭಾಗದ ಪಕ್ಕೆಯಲ್ಲಿ ಹುರುಪೆಗಳ ನಡುವಿನ ಚರ್ಮ ಕಾಣಿಸುವಷ್ಟು ಮೈ ಬಿಗಿಯುತ್ತದೆ. ಹೆಚ್ಚಾಗಿ ಎತ್ತಿಕೊಳ್ಳಬೇಡಿ, ಗೂಡಿನ ಜಾಗ ಬದಲಿಸಬೇಡಿ.

ಹಂತ 7: ನಮ್ಮೂರಿನ ಬೇಸಿಗೆಗೆ ಗೂಡು ಸಿದ್ಧಮಾಡಿ

ಹೊರದೇಶದವರು ಬರೆದ ಸಲಹೆಗಳನ್ನು ಇಲ್ಲಿ ಹಾಗೆಹಾಗೇ ಅನುಸರಿಸಿದರೆ ಕೆಡುತ್ತದೆ. ಅವರಿಗೆ ಗೂಡನ್ನು ಬಿಸಿ ಮಾಡುವುದು ಹೇಗೆಂಬ ಚಿಂತೆ. ಮಾರ್ಚ್ ಕೊನೆಯಿಂದ ಮೇವರೆಗೆ ದಾವಣಗೆರೆ, ಚಿತ್ರದುರ್ಗಗಳಲ್ಲಿ ತಗಡಿನ ಅಥವಾ ಆರ್‌ಸಿಸಿ ಸೂರಿನಡಿಯ ಕೋಣೆ ಮಧ್ಯಾಹ್ನ ತಾನಾಗಿಯೇ 36, 37 ಡಿಗ್ರಿ ಮುಟ್ಟುವಾಗ ನಮಗೆ ತಣ್ಣಗಿಡುವುದು ಹೇಗೆಂಬ ಚಿಂತೆ. ಮೊಟ್ಟೆ ಹೊತ್ತ ಹಾವಿಗೆ ಬಿಸಿ ಮೂಲೆ 31ರಿಂದ 32 ಡಿಗ್ರಿ, ತಂಪು ಮೂಲೆ 26ರಿಂದ 27 ಡಿಗ್ರಿ ಇರಬೇಕು. ಗೂಡನ್ನು ನೆಲಮಹಡಿಯ, ಪಡುವಣ ಬಿಸಿಲಿಗೆ ಕಾಯುವ ಗೋಡೆಯಿಲ್ಲದ ಕೋಣೆಗೆ ಮೊದಲೇ, ಅಂದರೆ ಪೊರೆ ಬಿಡುವ ಮುಂಚೆಯೇ, ಸಾಗಿಸಿ. ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದೇ ಹೊರತು ತಂಪು ಕೊಡಲಾರದು ಎಂಬುದು ನೆನಪಿರಲಿ.

ಮೊಟ್ಟೆಯಿಡಲು ಹಾವಿಗೆ ಮೈ ಸುತ್ತಲೂ ತಾಗುವಂಥ ಕತ್ತಲೆಯ ಜಾಗ ಬೇಕು. ಸಂತೆಯಲ್ಲಿ ಸಿಗುವ ಅಗಲ ಬಾಯಿಯ ಮಣ್ಣಿನ ಮಡಕೆಯನ್ನು ಅಡ್ಡಲಾಗಿ ಮಲಗಿಸಿ, ಒಳಗೆ ನಾಲ್ಕು ಬೆರಳು ದಪ್ಪ ತೆಂಗಿನ ನಾರಿನ ಪುಡಿ ಹಾಕಿದರೆ ಪ್ಲಾಸ್ಟಿಕ್ ಪೆಟ್ಟಿಗೆಗಿಂತ ಅದೇ ಮೇಲು. ಹೊರಮೈಗೆ ನೀರು ಚಿಮುಕಿಸಿದರೆ ಒಳಗೆ ತಂಪೂ ಇರುತ್ತದೆ, ತೇವವೂ ನಿಲ್ಲುತ್ತದೆ. ನಾರಿನ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಸರಿಯಾದ ಜಾಗ ಸಿಗದ ಹಾವು ಮೊಟ್ಟೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಹಂತದ ತೊಂದರೆಗೆ ಅದೂ ಒಂದು ಕಾರಣ.

ಹಂತ 8: ಸ್ಕ್ಯಾನಿಂಗ್ ಮತ್ತು ವೈದ್ಯರು

ಅನುಮಾನ ಪೂರ್ತಿ ಬಗೆಹರಿಯಬೇಕೆಂದರೆ ಇರುವ ದಾರಿ ಅಲ್ಟ್ರಾಸೌಂಡ್ ಒಂದೇ. ಫಾಲಿಕಲ್‌ಗಳನ್ನೂ ಮೊಟ್ಟೆಗಳನ್ನೂ ಅದು ಬೇರೆಬೇರೆಯಾಗಿ ತೋರಿಸುತ್ತದೆ. ಹಾವಿನ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ, ಚರ್ಮದಂಥದ್ದು. ಆದ್ದರಿಂದ ಎಕ್ಸ್‌ರೇಯಲ್ಲಿ ಮಸುಕು ನೆರಳಷ್ಟೇ ಬೀಳುತ್ತದೆ. ಪರಿಚಯದವರ ಸ್ಕ್ಯಾನಿಂಗ್ ಸೆಂಟರಿಗೆ ರಾತ್ರಿ ಒಯ್ಯೋಣವೆಂದು ಯೋಚಿಸಬೇಡಿ. ಅಲ್ಲಿನ ಯಂತ್ರಗಳು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ನೋಂದಣಿಯಾದವು, ಪ್ರತಿ ಬಳಕೆಗೂ ದಾಖಲೆಯಿರುತ್ತದೆ. ಅವರನ್ನು ಪೇಚಿಗೆ ಸಿಲುಕಿಸಬಾರದು. ನಮಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲಿದೆ, ಚಿತ್ರದುರ್ಗದವರು ಹೆದ್ದಾರಿ ಹಿಡಿದು ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೂ ಹೋಗಬಹುದು. ಎಲ್ಲಿಗೇ ಹೋಗುವುದಾದರೂ ಹಾವು ನೋಡುವ ವೈದ್ಯರು ಆ ದಿನ ಇರುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ತೂತುಗಳಿರುವ ಡಬ್ಬಿಯಲ್ಲಿಟ್ಟು, ಬೆಳಗಾಗುವ ಮೊದಲೇ ಪ್ರಯಾಣ ಶುರುಮಾಡಿ.

ಕೆಳಗಿನ ಸಂದರ್ಭಗಳಲ್ಲಿ ಕಾಯಬೇಡಿ. ಮೊಟ್ಟೆಗೆ ಮುಂಚಿನ ಪೊರೆ ಬಿದ್ದು 40 ದಿನ ದಾಟಿದರೂ ಏನೂ ಆಗದಿದ್ದರೆ. ಹಾವು ಗಂಟೆಗಟ್ಟಲೆ ತಿಣುಕುತ್ತಿದ್ದರೂ ಮೊಟ್ಟೆ ಬಾರದಿದ್ದರೆ. ಮಲದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ. ಕೆಲವು ಮೊಟ್ಟೆ ಇಟ್ಟು ನಿಲ್ಲಿಸಿ, ಎರಡು ದಿನವಾದರೂ ಹೊಟ್ಟೆಯಲ್ಲಿ ಗಂಟು ಉಳಿದಿದ್ದರೆ. ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಈ ಸ್ಥಿತಿಗೆ ವೈದ್ಯರು ಡಿಸ್ಟೋಸಿಯಾ ಎನ್ನುತ್ತಾರೆ. ಬಿಸಿನೀರಿನಲ್ಲಿ ಕೂರಿಸಿ, ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಹಿಂದಕ್ಕೆ ನೂಕಿ ಮೊಟ್ಟೆ ತೆಗೆಯಲು ಹೋದರೆ ಅಂಡನಾಳ ಹರಿಯುತ್ತದೆ. ವೈದ್ಯರು ಚುಚ್ಚುಮದ್ದು ಕೊಡಬಹುದು, ಸೂಜಿಯಿಂದ ಮೊಟ್ಟೆಯ ಒಳದ್ರವವನ್ನು ಹೀರಿ ಕುಗ್ಗಿಸಬಹುದು, ಕೊನೆಗೆ ಶಸ್ತ್ರಚಿಕಿತ್ಸೆ ಮಾಡಬಹುದು; ಯಾವುದು ಎಂದು ನಿರ್ಧರಿಸಲು ಅವರು ಮೊದಲು ಕೇಳುವುದು ಪೊರೆಯ ತಾರೀಖನ್ನೇ.

ಎಲ್ಲವೂ ಸರಿಯಾಗಿ ನಡೆದರೆ ಒಂದು ಬೆಳಿಗ್ಗೆ ಹಾವು ಮಡಕೆಯೊಳಗೆ ಬಿಗಿಯಾದ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ, ಸುರುಳಿಗಳ ಸಂದಿನಲ್ಲಿ ಬಿಳಿ ಕಾಣುತ್ತದೆ. ಬಾಲ್ ಪೈಥಾನ್ ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಮೊಟ್ಟೆ ಇಡುತ್ತದೆ, ಒಂದೊಂದೂ 70ರಿಂದ 100 ಗ್ರಾಂ. ಫಲಿಸಿದ ಮೊಟ್ಟೆ ಬೆಳ್ಳಗೆ, ತುಂಬಿಕೊಂಡು, ಒಣಗಿದಂತೆ ಇರುತ್ತದೆ, ಅಕ್ಕಪಕ್ಕದವಕ್ಕೆ ಅಂಟಿಕೊಂಡಿರುತ್ತದೆ. ಹಳದಿಯಾಗಿ, ಚಿಕ್ಕದಾಗಿ, ಮೇಣದಂತಿದ್ದರೆ ಅದು ಜೊಳ್ಳು. ಕತ್ತಲೆಯಲ್ಲಿ ಟಾರ್ಚನ್ನು ಮೊಟ್ಟೆಗೆ ಆನಿಸಿ ಹಿಡಿದರೆ ಫಲಿಸಿದ್ದರಲ್ಲಿ ಕೆಂಪು ನರಗಳ ಬಲೆ ಕಾಣುತ್ತದೆ. ಹಾಗೆ ನೋಡುವಾಗ ಮೊಟ್ಟೆಯನ್ನು ಮಗುಚಬೇಡಿ, ಅಂಟಿಕೊಂಡವನ್ನು ಬಿಡಿಸಬೇಡಿ, ಮೇಲ್ಮುಖವಾದದ್ದು ಯಾವ ಭಾಗವೆಂದು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ. ನಂತರ ಹಾವನ್ನು ತೂಗಿ, ಮೊಟ್ಟೆಗಳ ಎಣಿಕೆಯ ಜೊತೆ ಅದನ್ನೂ ಬರೆಯಿರಿ. ಮೊಟ್ಟೆ ಪೂರ್ತಿ ಇಟ್ಟ ಹಾವಿನ ಪಕ್ಕೆ ಒಳಸರಿದು ಚರ್ಮ ಜೋಲುತ್ತದೆ. ಹಾಗೆ ಜೋಲದೆ ಒಂದು ಕಡೆ ಇನ್ನೂ ತುಂಬಿಕೊಂಡಿದ್ದರೆ ಎರಡು ದಿನದ ಲೆಕ್ಕ ಆ ಹೊತ್ತಿನಿಂದಲೇ ಶುರುವಾಗುತ್ತದೆ.